ಆಘಾತ ತರಂಗದ ಮೊದಲ ಕೋಡ್: ಸಾಡ್ ಕೊಳವೆಯಿಂದ ಶುರು ಮಾಡಿ

‘ಶಾಕ್ ಇರುವ ಕಡೆ ಗ್ರಾಫ್ ಗರಗಸದ ಹಲ್ಲಿನಂತೆ ಏರಿಳಿಯುತ್ತದೆ, ಏನು ಮಾಡಲಿ?’ ‘ಇಪ್ಪತ್ತನೇ ಹೆಜ್ಜೆಗೆಲ್ಲ ಪೂರ್ತಿ ನ್ಯಾನ್ ಬರುತ್ತಿದೆ.’ ‘ರೋ ಒಳ್ಳೆಯದೋ, ವೀನೋ ಒಳ್ಳೆಯದೋ?’ ಎಂ.ಟೆಕ್. ಪ್ರಾಜೆಕ್ಟ್ ಸಲ್ಲಿಸುವ ದಿನ ಹತ್ತಿರ ಬಂತೆಂದರೆ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಈ ಮೂರೇ. (ನ್ಯಾನ್ ಎಂದರೆ ‘ಇದು ಸಂಖ್ಯೆಯೇ ಅಲ್ಲ’ ಎಂದು ಕಂಪ್ಯೂಟರ್ ಕೈಚೆಲ್ಲುವ ಗುರುತು. ರೋ, ವೀನೋ ಎರಡೂ ಸ್ಕೀಮ್‌ಗಳು, ಅಂದರೆ ಹರಿವಿನ ಸಮೀಕರಣಗಳನ್ನು ಕಾಲದ ಒಂದೊಂದೇ ಹೆಜ್ಜೆಯಾಗಿ ಬಿಡಿಸುವ ಲೆಕ್ಕದ ವಿಧಾನಗಳು.) ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿ, ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ನಾನು ನೋಡಿದ ಕೆಟ್ಟ ಕೋಡ್‌ಗಳಲ್ಲಿ ಹೆಚ್ಚಿನವು ಕೆಟ್ಟದ್ದು ಸ್ಕೀಮಿನ ಆಯ್ಕೆಯಿಂದಲ್ಲ, ಜಮಾ-ಖರ್ಚಿನಿಂದ. ಒಂದು ಸೆಲ್‌ನಿಂದ (ಲೆಕ್ಕಕ್ಕಾಗಿ ಕೊಳವೆಯನ್ನು ಕತ್ತರಿಸಿಕೊಂಡ ತುಂಡಿನಿಂದ) ಹೊರಟ ದ್ರವ್ಯರಾಶಿ ಪಕ್ಕದ ಸೆಲ್‌ಗೆ ಪೂರ್ತಿ ತಲುಪುತ್ತಿರಲಿಲ್ಲ. ಅದೊಂದು ಸರಿಯಿದ್ದರೆ ಸಾಧಾರಣ ಸ್ಕೀಮ್ ಕೂಡ ಮರ್ಯಾದೆ ಉಳಿಸುತ್ತದೆ. ಅದು ತಪ್ಪಿದ್ದರೆ ವೀನೋ ಹಾಕಿದರೂ ಶಾಕ್ ತಪ್ಪು ಜಾಗದಲ್ಲಿ, ಬಹಳ ಚೂಪಾಗಿ ನಿಂತಿರುತ್ತದೆ.

ಶಾಕ್, ಅಂದರೆ ಆಘಾತ ತರಂಗ, ಅನಿಲದ ಒತ್ತಡ, ಸಾಂದ್ರತೆ, ವೇಗ ಮೂರೂ ಒಮ್ಮೆಗೇ ಜಿಗಿಯುವ ತೆಳುವಾದ ಪದರ. ಎಷ್ಟು ತೆಳು? ನಾವು ಉಸಿರಾಡುವ ಗಾಳಿಯಲ್ಲಿ ಒಂದು ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯುವ ಮುನ್ನ ಸರಾಸರಿ 70 ನ್ಯಾನೋಮೀಟರಿನಷ್ಟು ಸಾಗುತ್ತದೆ. ಬಲವಾದ ಶಾಕ್‌ನ ದಪ್ಪ ಅಂಥ ಕೆಲವು ದೂರಗಳಷ್ಟೇ. ಒಂದು ಮೀಟರ್ ಕೊಳವೆಯನ್ನು ನೀವು 100 ಸೆಲ್ ಮಾಡಿದರೆ ಒಂದೊಂದೂ ಒಂದು ಸೆಂಟಿಮೀಟರ್. ಹಾಗಾಗಿ ಕಂಪ್ಯೂಟರಿನ ಕಣ್ಣಿಗೆ ಶಾಕ್ ಎಂದರೆ ಇಳಿಜಾರಲ್ಲ, ಕಡಿದಾದ ಕೊರಕಲು. ಅಲ್ಲಿ ಡೆರಿವೇಟಿವ್ ಎಂಬುದಕ್ಕೆ ಅರ್ಥವೇ ಇಲ್ಲ. ತರಗತಿಯಲ್ಲಿ ಕಲಿತ ಫೈನೈಟ್ ಡಿಫರೆನ್ಸ್ (ಅಕ್ಕಪಕ್ಕದ ಬೆಲೆಗಳ ವ್ಯತ್ಯಾಸದಿಂದ ಡೆರಿವೇಟಿವ್ ಅಂದಾಜಿಸುವ ವಿಧಾನ) ನಿಂತಿರುವುದು ಟೇಲರ್ ಸರಣಿಯ ಮೇಲೆ, ಆ ಸರಣಿಗೆ ಇಲ್ಲಿ ಕಾಲೂರಲು ನೆಲವಿಲ್ಲ.

(ಇದರ ತಮ್ಮನನ್ನು ನೋಡಬೇಕಿದ್ದರೆ ಅಡುಗೆಮನೆಯ ಸಿಂಕ್ ಸಾಕು. ನಲ್ಲಿಯ ನೀರು ಬಿದ್ದ ಜಾಗದ ಸುತ್ತ ತೆಳ್ಳಗೆ ಹರಿದು, ಸ್ವಲ್ಪ ದೂರದಲ್ಲಿ ಉಂಗುರದಂತೆ ತಟ್ಟನೆ ದಪ್ಪವಾಗುತ್ತದಲ್ಲ, ಅದೂ ಇದೇ ಬಳಗದ್ದು.)

ಬೇಕಾದ ಸಾಮಾನು

ಪೈಥಾನ್, ನಂಪೈ, ಗ್ರಾಫ್ ಬಿಡಿಸಲು ಮ್ಯಾಟ್‌ಪ್ಲಾಟ್‌ಲಿಬ್. ಹಳೆಯ ಲ್ಯಾಪ್‌ಟಾಪ್ ಆದರೂ ನಡೆಯುತ್ತದೆ. ಒಂದು ಆಯಾಮದ ಈ ಲೆಕ್ಕ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಪೂರ್ತಿ ಕೋಡ್ ಇನ್ನೂರು ಸಾಲು ದಾಟಬಾರದು, ದಾಟಿದರೆ ಎಲ್ಲೋ ಸುತ್ತಿ ಬಳಸಿ ಬರೆಯುತ್ತಿದ್ದೀರಿ. ಇದೆಲ್ಲಕ್ಕಿಂತ ಮುಖ್ಯವಾಗಿ ಒಂದು ನೋಟ್‌ಬುಕ್ಕು, ಪೆನ್ನು. ಅವುಗಳ ಕೆಲಸ ಎರಡನೇ ಹಂತದಲ್ಲೇ ಬರುತ್ತದೆ.

ಎರಡು ಆಯಾಮ, ರೆಕ್ಕೆ, ರಾಕೆಟ್ಟಿನ ಮೂತಿ ಇವೆಲ್ಲ ಆಮೇಲೆ. ಒಂದು ಆಯಾಮದಲ್ಲಿ ಸರಿಬಾರದ ಕೋಡ್ ಎರಡರಲ್ಲಿ ಸರಿಬರುವುದಿಲ್ಲ. ಅಲ್ಲಿ ತಪ್ಪು ಬಣ್ಣದ ಚಿತ್ರದ ಹಿಂದೆ ಅಡಗಿಕೊಳ್ಳುತ್ತದೆ, ಅಷ್ಟೇ.

ಹಂತ 1: ಉತ್ತರವನ್ನು ಮೊದಲು ಬರೆದಿಟ್ಟುಕೊಳ್ಳಿ

ಶಾಕ್ ಟ್ಯೂಬ್ ಎಂದರೆ ನಡುವೆ ತೆಳುವಾದ ಪರದೆ ಇರುವ ಉದ್ದನೆಯ ಕೊಳವೆ. ಒಂದು ಬದಿ ಒತ್ತಡದ ಅನಿಲ, ಇನ್ನೊಂದು ಬದಿ ಸಡಿಲ ಅನಿಲ. ಪರದೆ ಹರಿದ ಕ್ಷಣ ಆಟ ಶುರು. ಫ್ರಾನ್ಸ್‌ನ ಪಾಲ್ ವಿಯೇ 1899ರಲ್ಲೇ ಇಂಥದ್ದೊಂದನ್ನು ಕಟ್ಟಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಪಿ. ಜೆ. ರೆಡ್ಡಿ ಅವರು ರೂಪಿಸಿದ ‘ರೆಡ್ಡಿ ಟ್ಯೂಬ್’ನಲ್ಲಿ ಕೊಂತವನ್ನು (ಪಿಸ್ಟನ್ನನ್ನು) ಕೈಯಿಂದಲೇ ತಳ್ಳಿ ಶಾಕ್ ಎಬ್ಬಿಸಬಹುದು.

ಗ್ಯಾರಿ ಸಾಡ್ 1978ರಲ್ಲಿ ಆಗಿನ ಹಲವು ಸ್ಕೀಮ್‌ಗಳನ್ನು ಒಂದೇ ಸಮಸ್ಯೆಯ ಮೇಲೆ ಓಡಿಸಿ ಹೋಲಿಸಿದರು. ಅಂದಿನಿಂದ ಅದು ಈ ವಿದ್ಯೆಯ ‘ಅ ಆ ಇ ಈ’. 0ಯಿಂದ 1ರ ವರೆಗಿನ ಕೊಳವೆ, ಪರದೆ 0.5ರಲ್ಲಿ. ಎಡಕ್ಕೆ ಸಾಂದ್ರತೆ 1, ಒತ್ತಡ 1. ಬಲಕ್ಕೆ ಸಾಂದ್ರತೆ 0.125, ಒತ್ತಡ 0.1. ಎರಡೂ ಕಡೆ ವೇಗ ಸೊನ್ನೆ. ಗ್ಯಾಮಾ, ಅಂದರೆ ಅನಿಲದ ಎರಡು ವಿಶಿಷ್ಟೋಷ್ಣಗಳ ಅನುಪಾತ, 1.4. ಕಾಲ 0.2 ಆದಾಗ ನಿಲ್ಲಿಸಿ. ಇಲ್ಲಿನ ಅಂಕಿಗಳಿಗೆ ಮಾನ ಇಲ್ಲ. ಪ್ಯಾಸ್ಕಲ್, ಕೆಲ್ವಿನ್ ತಂದು ಬೆರೆಸಬೇಡಿ.

ಈ ಸಮಸ್ಯೆಗೆ ನಿಖರ ಉತ್ತರ ಇದೆ. ಪರದೆ ಹರಿದ ಮೇಲೆ ಮೂರು ಅಲೆ ಹೊರಡುತ್ತವೆ. ಎಡಕ್ಕೆ ವಿರಳನ ತರಂಗ, ಇದರೊಳಗೆ ಅನಿಲ ನಿಧಾನವಾಗಿ ಸಡಿಲಗೊಳ್ಳುತ್ತದೆ. ಬಲಕ್ಕೆ ಶಾಕ್. ಎರಡರ ನಡುವೆ ಸಂಪರ್ಕ ಅಂಚು, ಅಂದರೆ ಮೊದಲು ಎಡಗಡೆ ಇದ್ದ ಅನಿಲವೂ ಬಲಗಡೆ ಇದ್ದ ಅನಿಲವೂ ಮುಟ್ಟಿಕೊಂಡು ಸಾಗುವ ಗಡಿ. ಈ ಗಡಿಯ ಎರಡೂ ಬದಿ ಒತ್ತಡ ಒಂದೇ, ವೇಗ ಒಂದೇ. ಜಿಗಿಯುವುದು ಸಾಂದ್ರತೆ ಮಾತ್ರ.

ನೋಟ್‌ಬುಕ್ಕಿನಲ್ಲಿ ಈ ಅಂಕಿಗಳನ್ನು ಬರೆದುಕೊಳ್ಳಿ. ನಡುವಿನ ಒತ್ತಡ 0.3031. ನಡುವಿನ ವೇಗ 0.9275. ಸಂಪರ್ಕ ಅಂಚಿನ ಎಡಕ್ಕೆ ಸಾಂದ್ರತೆ 0.4263, ಬಲಕ್ಕೆ 0.2656. ಶಾಕ್‌ನ ವೇಗ 1.752. ಕಾಲ 0.2ರಲ್ಲಿ ವಿರಳನ ತರಂಗ 0.263ರಿಂದ 0.486ರ ವರೆಗೆ ಹರಡಿರುತ್ತದೆ, ಸಂಪರ್ಕ ಅಂಚು 0.685ರಲ್ಲಿ, ಶಾಕ್ 0.850ರಲ್ಲಿ.

ಈ ಅಂಕಿಗಳನ್ನು ಕೊಡುವ ಪುಟ್ಟ ಪ್ರೋಗ್ರಾಮನ್ನು ನೀವೇ ಬರೆದರೆ ಇನ್ನೂ ಒಳ್ಳೆಯದು. ನಡುವಿನ ಒತ್ತಡಕ್ಕೆ ಒಂದೇ ಒಂದು ಸಮೀಕರಣ. ನ್ಯೂಟನ್ ವಿಧಾನದಲ್ಲಿ ನಾಲ್ಕಾರು ಸುತ್ತಿಗೆ ಸಿಕ್ಕಿಬಿಡುತ್ತದೆ.

ಹಂತ 2: ಏನನ್ನು ಲೆಕ್ಕವಿಡಬೇಕು

ಈ ಹಂತದಲ್ಲಿ ಅವಸರ ಮಾಡಬೇಡಿ, ದಾರಿ ತಪ್ಪಿದವರಲ್ಲಿ ಬಹುಪಾಲು ಜನ ಇಲ್ಲೇ ತಪ್ಪಿದ್ದು.

ಮನಸ್ಸಿಗೆ ಸಹಜವಾಗಿ ಹೊಳೆಯುವುದು ಸಾಂದ್ರತೆ, ವೇಗ, ಒತ್ತಡ. ಅಳೆಯುವುದು ಇವನ್ನೇ, ಗ್ರಾಫ್ ಬಿಡಿಸುವುದೂ ಇವನ್ನೇ. ಆದರೆ ಕೋಡ್ ಹೆಜ್ಜೆಯಿಂದ ಹೆಜ್ಜೆಗೆ ಮುಂದಕ್ಕೆ ಒಯ್ಯಬೇಕಾದ್ದು ಸಂರಕ್ಷಿತ ರಾಶಿಗಳನ್ನು, ಅಂದರೆ ಹುಟ್ಟದ, ಸಾಯದ, ಜಾಗ ಬದಲಿಸುವ ಮೂರನ್ನು: ಸಾಂದ್ರತೆ, ಸಂವೇಗ (ಸಾಂದ್ರತೆ × ವೇಗ), ಒಟ್ಟು ಶಕ್ತಿ. ಇವುಗಳ ಕೊಂಡಿ ಹೀಗೆ:

ಒಟ್ಟು ಶಕ್ತಿ = ಒತ್ತಡ ÷ (ಗ್ಯಾಮಾ − 1) + ½ × ಸಾಂದ್ರತೆ × ವೇಗ²

ಸಾಡ್ ಸಮಸ್ಯೆಯಲ್ಲಿ ಎಡಕ್ಕೆ ಇದು 2.5, ಬಲಕ್ಕೆ 0.25. ಫ್ಲಕ್ಸ್ ಎಂದರೆ ಒಂದು ಗೆರೆಯನ್ನು ದಾಟಿ ಹೋಗುವ ಪ್ರಮಾಣ. ಅವೂ ಮೂರು:

ದ್ರವ್ಯರಾಶಿಯ ಫ್ಲಕ್ಸ್ = ಸಾಂದ್ರತೆ × ವೇಗ
ಸಂವೇಗದ ಫ್ಲಕ್ಸ್ = ಸಾಂದ್ರತೆ × ವೇಗ² + ಒತ್ತಡ
ಶಕ್ತಿಯ ಫ್ಲಕ್ಸ್ = ವೇಗ × (ಒಟ್ಟು ಶಕ್ತಿ + ಒತ್ತಡ)

ಅಳಗುಳಿ ಮಣೆ ನೆನಪಿಸಿಕೊಳ್ಳಿ. ಒಂದು ಗುಳಿಯಿಂದ ಎತ್ತಿದ ಹರಳು ಮುಂದಿನ ಗುಳಿಗೆ ಬೀಳಲೇಬೇಕು, ದಾರಿಯಲ್ಲಿ ಮಾಯವಾಗುವಂತಿಲ್ಲ (ಗೆದ್ದ ಹರಳನ್ನು ಎತ್ತಿಟ್ಟುಕೊಳ್ಳುವುದು ಇಲ್ಲಿ ಇಲ್ಲ). ಫೈನೈಟ್ ವಾಲ್ಯೂಮ್ ವಿಧಾನ ಎಂದರೆ ಇಷ್ಟೇ: ಎರಡು ಸೆಲ್‌ಗಳ ನಡುವಿನ ಗೋಡೆಗೆ ಒಂದೇ ಫ್ಲಕ್ಸ್ ಲೆಕ್ಕ ಹಾಕಿ, ಅದನ್ನು ಈ ಸೆಲ್‌ನಿಂದ ಕಳೆದು ಆ ಸೆಲ್‌ಗೆ ಕೂಡಿಸುವುದು.

ವೇಗ-ಒತ್ತಡದ ಸಮೀಕರಣಗಳನ್ನೇ ನೇರ ಬಿಡಿಸಿದರೆ ಏನಾಗುತ್ತದೆ? ಪೆನ್ನು ತೆಗೆದುಕೊಳ್ಳಿ, ಎರಡು ನಿಮಿಷದ ಕೆಲಸ. ಬರ್ಗರ್ಸ್ ಸಮೀಕರಣ ಎಂಬ ಆಟಿಕೆ ಇದೆ. ಅದರಲ್ಲಿ ವೇಗ ತನ್ನನ್ನು ತಾನೇ ಹೊತ್ತು ಸಾಗುತ್ತದೆ. ಆರು ಸೆಲ್ ಬರೆಯಿರಿ: 1, 1, 1, 0, 0, 0. ಎಡದ 1 ಬಲದ 0ಯನ್ನು ತಳ್ಳಿಕೊಂಡು ಹೋಗಬೇಕು, ಶಾಕ್‌ನ ನಿಜವಾದ ವೇಗ ½. ಈಗ ‘ಬದಲಾವಣೆ = ನನ್ನ ವೇಗ × (ನನ್ನ ವೇಗ − ಎಡದವನ ವೇಗ)’ ಎಂಬ ಸೂತ್ರ ಹಾಕಿ. ಮೂರನೇ ಸೆಲ್: 1 × (1 − 1) = 0. ನಾಲ್ಕನೇ ಸೆಲ್: 0 × (0 − 1) = 0. ಯಾವುದೂ ಬದಲಾಗಲಿಲ್ಲ. ಸಾವಿರ ಹೆಜ್ಜೆ ಹಾಕಿ, ಗ್ರಿಡ್ಡನ್ನು (ಸೆಲ್‌ಗಳ ಸಾಲನ್ನು) ಸಾವಿರ ಪಟ್ಟು ಸಣ್ಣ ಮಾಡಿ, ಶಾಕ್ ಇದ್ದಲ್ಲೇ ಇರುತ್ತದೆ. ನೋಡಲು ಮಾತ್ರ ಬಲು ಚೂಪು, ಒಂದು ಏರಿಳಿತವೂ ಇಲ್ಲ!

ಅದನ್ನೇ ಫ್ಲಕ್ಸ್ ರೂಪದಲ್ಲಿ ಮಾಡಿ. ಗೋಡೆಯ ಫ್ಲಕ್ಸ್ ಎಡದವನ ವೇಗ² ÷ 2, ಕಾಲದ ಹೆಜ್ಜೆ ಸೆಲ್ ಅಗಲದ ಅರ್ಧ. ಮೂರನೇ ಸೆಲ್‌ಗೆ ½ ಒಳಗೆ, ½ ಹೊರಗೆ, ಹಾಗಾಗಿ 1 ಆಗಿಯೇ ಉಳಿಯುತ್ತದೆ. ನಾಲ್ಕನೆಯದಕ್ಕೆ ½ ಒಳಗೆ, ಸೊನ್ನೆ ಹೊರಗೆ, ಆದ್ದರಿಂದ 0.25 ಆಗುತ್ತದೆ. ½ ಕಾಲದಲ್ಲಿ ¼ ಸೇರಿತು, ವೇಗ ½. ಶಾಕ್ ಸ್ವಲ್ಪ ಹರಡಿತು ನಿಜ, ಆದರೆ ಹೋಗಬೇಕಾದ ಜಾಗಕ್ಕೆ ಹೋಯಿತು.

ಇನ್ನೂ ಸೂಕ್ಷ್ಮವಾದ ಬಲೆ ಒಂದಿದೆ. ಅದೇ ಸಮೀಕರಣವನ್ನು ವೇಗದಿಂದ ಗುಣಿಸಿ, ವೇಗದ ವರ್ಗವನ್ನು ಸಂರಕ್ಷಿತ ರಾಶಿ ಎಂದುಕೊಂಡು ಲೆಕ್ಕ ಹಾಕಿದರೆ ಶಾಕ್‌ನ ವೇಗ ½ ಬದಲು ⅔ ಬರುತ್ತದೆ. ನುಣುಪಾದ ಹರಿವಿನಲ್ಲಿ ಎರಡೂ ರೂಪ ಒಂದೇ, ಶಾಕ್‌ನಲ್ಲಿ ಬೇರೆ. ನಿಮ್ಮ ಅನಿಲದ ಕೋಡ್‌ನಲ್ಲಿ ಶಕ್ತಿಯ ಬದಲು ಎಂಟ್ರೊಪಿಯನ್ನು (ಅನಿಲದ ಅವ್ಯವಸ್ಥೆಯ ಅಳತೆಯನ್ನು) ಒಯ್ದರೂ ಇದೇ ಕಥೆ: ಶಾಕ್ ದಾಟುವಾಗ ಎಂಟ್ರೊಪಿ ಏರಲೇಬೇಕು, ನೀವು ಅದನ್ನು ಕಟ್ಟಿಹಾಕಿರುತ್ತೀರಿ. ಪೀಟರ್ ಲ್ಯಾಕ್ಸ್ ಮತ್ತು ಬರ್ಟನ್ ವೆಂಡ್ರಾಫ್ 1960ರಲ್ಲಿ ತೋರಿಸಿದ್ದು ಇದರ ಇನ್ನೊಂದು ಮುಖ. ಸಂರಕ್ಷಿತ ರೂಪದ ಸ್ಕೀಮ್ ಗ್ರಿಡ್ ಸಣ್ಣದಾದಂತೆ ಒಂದು ಉತ್ತರಕ್ಕೆ ಒಮ್ಮುಖವಾದರೆ, ಆ ಉತ್ತರದಲ್ಲಿ ಶಾಕ್‌ನ ಜಮಾ-ಖರ್ಚು ಸರಿಯಾಗಿಯೇ ಇರುತ್ತದೆ.

ಹಂತ 3: ಗ್ರಿಡ್ ಮತ್ತು ಭೂತ ಸೆಲ್‌ಗಳು

100 ಸೆಲ್ ಸಾಕು. ಎರಡೂ ತುದಿಗೆ ಎರಡೆರಡು ಭೂತ ಸೆಲ್ ಸೇರಿಸಿ. ಕೊಳವೆಯ ಹೊರಗಿದ್ದು, ತುದಿಯ ಸೆಲ್‌ಗೆ ನೆರೆಯವನಂತೆ ನಟಿಸುವ ಸೆಲ್‌ಗಳಿವು. ಸಾಡ್‌ಗೆ ತುದಿಯ ಬೆಲೆಯನ್ನೇ ಅವಕ್ಕೆ ನಕಲು ಮಾಡಿದರೆ ಆಯಿತು. 0.2ರ ಒಳಗೆ ಯಾವ ಅಲೆಯೂ ತುದಿ ಮುಟ್ಟುವುದಿಲ್ಲ.

ಇಲ್ಲಿನ ಚಿಲ್ಲರೆ ತಪ್ಪುಗಳು, ಪ್ರತಿ ವರ್ಷ ನೋಡುವಂಥವು: ಬೆಸ ಸಂಖ್ಯೆಯ ಸೆಲ್ ತೆಗೆದುಕೊಂಡು ಪರದೆಯನ್ನು ಸೆಲ್‌ನ ಹೊಟ್ಟೆಯೊಳಗೆ ಇಡುವುದು. ಸೆಲ್‌ನ ನಡುವಿನ ಬದಲು ಅಂಚಿನ ಎದುರು ಗ್ರಾಫ್ ಬಿಡಿಸಿ, ಶಾಕ್ ಅರ್ಧ ಸೆಲ್ ಆಚೆ ಇದೆ ಎಂದು ಗಾಬರಿಯಾಗುವುದು. ನಂಪೈ ಅರೇಯಲ್ಲಿ 1, 0 ಎಂದು ಪೂರ್ಣಾಂಕ ಹಾಕಿ, ದಶಮಾಂಶವೆಲ್ಲ ಸದ್ದಿಲ್ಲದೆ ಕತ್ತರಿಸಿ ಹೋಗುವುದು. ಹಳೆಯ ಅರೇಯನ್ನು ನಕಲು ಮಾಡದೆ ಬರೀ ಹೊಸ ಹೆಸರು ಕೊಟ್ಟು, ಎರಡೂ ಒಂದೇ ಆಗಿಬಿಡುವುದು.

ಹಂತ 4: ಗೋಡೆಯ ಫ್ಲಕ್ಸ್

ಗೋಡೆಯ ಎಡಕ್ಕೆ ಒಂದು ಸ್ಥಿತಿ, ಬಲಕ್ಕೆ ಇನ್ನೊಂದು. ಅಂದರೆ ಪ್ರತಿ ಗೋಡೆಯೂ ಒಂದು ಪುಟ್ಟ ಶಾಕ್ ಟ್ಯೂಬು. ಇದಕ್ಕೆ ರೀಮಾನ್ ಸಮಸ್ಯೆ ಎಂದು ಹೆಸರು. ಸೆರ್ಗೈ ಗೊಡುನೊವ್ ಅವರ 1959ರ ವಿಧಾನ ಈ ಪುಟ್ಟ ಸಮಸ್ಯೆಯನ್ನು ಪ್ರತಿ ಗೋಡೆಯಲ್ಲೂ ನಿಖರವಾಗಿ ಬಿಡಿಸುತ್ತದೆ. ನಮಗೆ ಅಷ್ಟು ಬೇಡ, ಅಂದಾಜು ಸಾಕು.

ಶುರುವಿಗೆ ರುಸಾನೊವ್ ಫ್ಲಕ್ಸ್ (1961) ಹಾಕಿ:

ಗೋಡೆಯ ಫ್ಲಕ್ಸ್ = ½ × (ಎಡದ ಫ್ಲಕ್ಸ್ + ಬಲದ ಫ್ಲಕ್ಸ್) − ½ × ಗರಿಷ್ಠ ವೇಗ × (ಬಲದ ರಾಶಿ − ಎಡದ ರಾಶಿ)

ಗರಿಷ್ಠ ವೇಗ ಎಂದರೆ ಎರಡೂ ಬದಿಯ ‘ಹರಿವಿನ ವೇಗದ ಪರಿಮಾಣ + ಶಬ್ದದ ವೇಗ’ದಲ್ಲಿ ದೊಡ್ಡದು. ಶಬ್ದದ ವೇಗ = √(ಗ್ಯಾಮಾ × ಒತ್ತಡ ÷ ಸಾಂದ್ರತೆ). ಎರಡನೇ ತುಂಡು ಬೇಕೆಂದೇ ಹಾಕಿದ ಮಸಕು. ಅದನ್ನು ತೆಗೆದು ಬರೀ ಸರಾಸರಿ ಇಟ್ಟುಕೊಂಡರೆ ನಿಮ್ಮ ನ್ಯಾನ್ ಅಲ್ಲಿಂದಲೇ ಬರುತ್ತದೆ. ಬೇಕೆಂದೇ ಮಸಕು ಬೆರೆಸುವ ಉಪಾಯ ಹಳೆಯದು: ಫಾನ್ ನಾಯ್ಮನ್ ಮತ್ತು ರಿಕ್ಟ್‌ಮೈಯರ್ 1950ರಲ್ಲಿ ಶಾಕ್‌ಗೆ ಕೃತಕ ಸ್ನಿಗ್ಧತೆ ಸೇರಿಸಿ ಅದನ್ನು ಕೆಲವು ಸೆಲ್‌ಗಳ ಅಗಲಕ್ಕೆ ಹಿಗ್ಗಿಸಿದರು.

ರುಸಾನೊವ್ ಸರಿಯಾಗಿ ಓಡಿದ ಮೇಲೆ ಮಾತ್ರ ಎಚ್‌ಎಲ್‌ಎಲ್‌ಗೆ ಹೋಗಿ. ಹಾರ್ಟೆನ್, ಲ್ಯಾಕ್ಸ್, ವಾನ್ ಲೀರ್ ಮೂವರ ಹೆಸರಿನ ಮೊದಲಕ್ಷರಗಳು, 1983. ಇಲ್ಲಿ ಒಂದು ಗರಿಷ್ಠ ವೇಗದ ಬದಲು ಎಡ ತುದಿಯ ಅಲೆಗೊಂದು, ಬಲ ತುದಿಯ ಅಲೆಗೊಂದು ವೇಗ. ಎರಡೂ ಧನವಾಗಿದ್ದರೆ ಎಡದ ಫ್ಲಕ್ಸನ್ನೇ ತೆಗೆದುಕೊಳ್ಳಿ, ಎರಡೂ ಋಣವಾಗಿದ್ದರೆ ಬಲದ್ದು. ನಡುವೆ ಇದ್ದರೆ:

(ಬಲವೇಗ × ಎಡಫ್ಲಕ್ಸ್ − ಎಡವೇಗ × ಬಲಫ್ಲಕ್ಸ್ + ಎಡವೇಗ × ಬಲವೇಗ × (ಬಲರಾಶಿ − ಎಡರಾಶಿ)) ÷ (ಬಲವೇಗ − ಎಡವೇಗ)

ಎಚ್‌ಎಲ್‌ಎಲ್‌ಗೆ ಸಂಪರ್ಕ ಅಂಚು ಕಾಣುವುದೇ ಇಲ್ಲ, ಎರಡೇ ಅಲೆ ಅದರ ಲೋಕ. ಟೋರೊ, ಸ್ಪ್ರೂಸ್, ಸ್ಪಿಯರ್ಸ್ 1994ರಲ್ಲಿ ಮೂರನೇ ಅಲೆಯನ್ನು ಮರಳಿ ಸೇರಿಸಿದ್ದು ಎಚ್‌ಎಲ್‌ಎಲ್‌ಸಿ. ದಿನನಿತ್ಯದ ಕೆಲಸಕ್ಕೆ ನಾನು ಹಾಕುವುದು ಇದನ್ನೇ.

ಫಿಲಿಪ್ ರೋ ಅವರ 1981ರ ಫ್ಲಕ್ಸ್ ಸೊಗಸಾದದ್ದು, ಆದರೆ ಒಂದು ಎಚ್ಚರಿಕೆ ಬೇಕು. ವಿರಳನ ತರಂಗದ ನಡುವೆ ಹರಿವು ಶಬ್ದದ ವೇಗವನ್ನು ದಾಟಿದರೆ ಅದು ಅಲ್ಲಿ ‘ಹಿಗ್ಗುವ ಶಾಕ್’ ಕಟ್ಟಿಬಿಡುತ್ತದೆ. ಅಂಥದ್ದು ಪ್ರಕೃತಿಯಲ್ಲಿಲ್ಲ. ಅದನ್ನು ತಡೆಯುವ ತೇಪೆಗೆ ಎಂಟ್ರೊಪಿ ಫಿಕ್ಸ್ ಎನ್ನುತ್ತಾರೆ. ಮುಖ್ಯ ವಿಷಯವೆಂದರೆ ಸಾಡ್ ಪರೀಕ್ಷೆ ಈ ರೋಗವನ್ನು ತೋರಿಸುವುದಿಲ್ಲ. ಅದರ ವಿರಳನ ತರಂಗದೊಳಗೆ ಅಲೆಯ ವೇಗ −1.183ರಿಂದ −0.070ರ ವರೆಗೆ ಬಂದು, ಸೊನ್ನೆ ದಾಟದೆ ನಿಲ್ಲುತ್ತದೆ. ಎಡದ ಅನಿಲಕ್ಕೆ ಮೊದಲೇ 0.75 ವೇಗ ಕೊಟ್ಟು, ಪರದೆಯನ್ನು 0.3ಕ್ಕೆ ಸರಿಸಿ ಓಡಿಸಿ. ತೇಪೆ ಇಲ್ಲದ ರೋ ಹಾಕಿದ್ದರೆ ಇಳಿಜಾರಿನ ನಡುವೆ ಪುಟ್ಟ ಮೆಟ್ಟಿಲು ಕಾಣಿಸುತ್ತದೆ.

ಇನ್ನೊಂದು ದಾರಿ ನಮ್ಮ ಬೆಂಗಳೂರಿನದೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ಎಂ. ದೇಶಪಾಂಡೆ ಮತ್ತು ಅವರ ವಿದ್ಯಾರ್ಥಿಗಳು ಬೆಳೆಸಿದ ಕೈನೆಟಿಕ್ ಸ್ಕೀಮ್‌ಗಳು ರೀಮಾನ್ ಸಮಸ್ಯೆಯ ಗೊಡವೆಗೇ ಹೋಗುವುದಿಲ್ಲ. ಎಡದ ಸೆಲ್‌ನಲ್ಲಿ ಬಲಕ್ಕೆ ಓಡುವ ಅಣುಗಳು ಗೋಡೆ ದಾಟುತ್ತವೆ, ಬಲದ ಸೆಲ್‌ನಲ್ಲಿ ಎಡಕ್ಕೆ ಓಡುವವು ಈಚೆ ಬರುತ್ತವೆ. ಆ ಎರಡನ್ನು ಕೂಡಿದರೆ ಫ್ಲಕ್ಸ್. ಬೋಲ್ಟ್ಸ್‌ಮನ್ ಸಮೀಕರಣ ಓದಿದವರಿಗೆ ಇದೇ ಹೆಚ್ಚು ಸಲೀಸು.

ಹಂತ 5: ಕಾಲದ ಹೆಜ್ಜೆ

ಒಂದು ಹೆಜ್ಜೆಯಲ್ಲಿ ಅಲೆ ಒಂದು ಸೆಲ್‌ಗಿಂತ ಹೆಚ್ಚು ಓಡಬಾರದು. ಕೂರಂಟ್, ಫ್ರೀಡ್ರಿಕ್ಸ್, ಲೂಯಿ 1928ರಲ್ಲಿ ಕೊಟ್ಟ ಈ ನಿಯಮವನ್ನು ಸಿಎಫ್‌ಎಲ್ ಎನ್ನುತ್ತಾರೆ.

ಹೆಜ್ಜೆ = 0.5 × ಸೆಲ್ ಅಗಲ ÷ ಗರಿಷ್ಠ (|ವೇಗ| + ಶಬ್ದದ ವೇಗ)

0.5 ಬದಲು 0.9 ಹಾಕಿ ಬೇಗ ಮುಗಿಸೋಣ ಎನ್ನುವವರು ಇದ್ದಾರೆ. ಹಾಕಿ, ಆದರೆ ಹೆಜ್ಜೆಯನ್ನು ಪ್ರತಿ ಸಲವೂ ಹೊಸದಾಗಿ ಲೆಕ್ಕ ಹಾಕಿ. ಶುರುವಿನಲ್ಲಿ ಎಲ್ಲವೂ ನಿಂತಿರುತ್ತದೆ, ಗರಿಷ್ಠ ವೇಗ ಎಡದ ಶಬ್ದದ ವೇಗ 1.183 ಮಾತ್ರ. ಪರದೆ ಹರಿದ ಮೇಲೆ ಶಾಕ್‌ನ ಹಿಂದೆ ಅದು 2.19ಕ್ಕೆ ಏರುತ್ತದೆ. ಮೊದಲೊಮ್ಮೆ ಲೆಕ್ಕ ಹಾಕಿದ ಹೆಜ್ಜೆಯನ್ನೇ ಇಟ್ಟುಕೊಂಡರೆ ನಿಮ್ಮ 0.9 ನಿಜದಲ್ಲಿ 1.67 ಆಗಿರುತ್ತದೆ. ‘ಕೆಲವು ಹೆಜ್ಜೆ ಚೆನ್ನಾಗಿತ್ತು, ಆಮೇಲೆ ನ್ಯಾನ್’ ಎಂದು ಬರೆದವರು ಮೊದಲು ಇದನ್ನು ನೋಡಿ.

0.5 ಮತ್ತು 100 ಸೆಲ್ ಇಟ್ಟರೆ ಸುಮಾರು ತೊಂಬತ್ತು ಹೆಜ್ಜೆಗೆ ಮುಗಿಯುತ್ತದೆ. ಕೊನೆಯ ಹೆಜ್ಜೆಯನ್ನು ಕತ್ತರಿಸಿ ಕಾಲ ಸರಿಯಾಗಿ 0.2ಕ್ಕೆ ನಿಲ್ಲುವಂತೆ ಮಾಡಿ.

ಹಂತ 6: ಓಡಿಸಿ, ಗ್ರಾಫ್ ನೋಡುವ ಮುನ್ನ ಕೂಡಿಸಿ

ಓಡಿಸಿದ ಕೂಡಲೇ ಎಲ್ಲರೂ ಗ್ರಾಫ್ ತೆರೆಯುತ್ತಾರೆ. ಸ್ವಲ್ಪ ತಡೆಯಿರಿ. ಮೊದಲು ಎಲ್ಲ ಸೆಲ್‌ಗಳ ಸಾಂದ್ರತೆ ಕೂಡಿಸಿ ಸೆಲ್ ಅಗಲದಿಂದ ಗುಣಿಸಿ. 0.5625 ಬರಬೇಕು, ಶುರುವಿನಲ್ಲಿ ಇದ್ದಷ್ಟೇ. ಶಕ್ತಿಯ ಮೊತ್ತ 1.375. ಸಂವೇಗ ಮಾತ್ರ ಸೊನ್ನೆಯಾಗಿ ಉಳಿಯುವುದಿಲ್ಲ. ಎಡ ತುದಿಯ ಒತ್ತಡ 1, ಬಲ ತುದಿಯದು 0.1, ಆ ವ್ಯತ್ಯಾಸ ಅನಿಲವನ್ನು ತಳ್ಳುತ್ತಲೇ ಇರುತ್ತದೆ. 0.9 × 0.2 = 0.18 ಸಂವೇಗ ಬಂದಿರಬೇಕು. ಮೂರೂ ಹನ್ನೆರಡನೇ ದಶಮಾಂಶದ ಆಸುಪಾಸಿನವರೆಗೆ ಹೊಂದಬೇಕು. ಮೂರನೇ ದಶಮಾಂಶದಲ್ಲೇ ತಪ್ಪಿದರೆ ಅದು ‘ಸಣ್ಣ ದೋಷ’ ಅಲ್ಲ, ಎಲ್ಲೋ ಒಂದು ಗೋಡೆಗೆ ನೀವು ಎರಡು ಬೇರೆ ಫ್ಲಕ್ಸ್ ಹಾಕಿದ್ದೀರಿ.

ಈಗ ಗ್ರಾಫ್ ತೆರೆಯಿರಿ. ಶಾಕ್ 0.85ರ ಹತ್ತಿರ ಕೆಲವು ಸೆಲ್ ಅಗಲಕ್ಕೆ ಹರಡಿರುತ್ತದೆ. ಸಂಪರ್ಕ ಅಂಚು ಅದಕ್ಕಿಂತ ಬಹಳ ಹೆಚ್ಚು ಮಸಕು. ಇದು ಸರಿಯೇ. ಶಾಕ್‌ಗೆ ಎರಡೂ ಬದಿಯ ಅಲೆಗಳು ಬಂದು ಸೇರುತ್ತವೆ, ಅದು ತನ್ನನ್ನು ತಾನೇ ಚೂಪಾಗಿಸಿಕೊಳ್ಳುತ್ತದೆ. ಸಂಪರ್ಕ ಅಂಚಿಗೆ ಆ ಭಾಗ್ಯವಿಲ್ಲ. ಒಮ್ಮೆ ಮಸಕಾದದ್ದು ಮತ್ತೆ ಚೂಪಾಗುವುದಿಲ್ಲ, ಹೊತ್ತು ಕಳೆದಂತೆ ಇನ್ನಷ್ಟು ಹರಡುತ್ತದೆ. ಒತ್ತಡದ ಗ್ರಾಫ್ ಮಾತ್ರ ನೋಡಿ ಸಮಾಧಾನಪಡಬೇಡಿ, ಅಲ್ಲಿ ಸಂಪರ್ಕ ಅಂಚು ಕಾಣುವುದೇ ಇಲ್ಲ.

ಹಂತ 7: ಎರಡನೇ ದರ್ಜೆ, ಕಡಿವಾಣದೊಂದಿಗೆ

ದರ್ಜೆ ಎಂದರೆ ಸೆಲ್ ಸಣ್ಣದಾದಂತೆ ದೋಷ ಎಷ್ಟು ಬೇಗ ಇಳಿಯುತ್ತದೆ ಎಂಬುದು: ಸೆಲ್ ಅಗಲ ಅರ್ಧವಾದರೆ ಮೊದಲ ದರ್ಜೆಯಲ್ಲಿ ದೋಷ ಅರ್ಧ, ಎರಡನೆಯದರಲ್ಲಿ ಕಾಲು ಭಾಗ. ಇಷ್ಟು ಹೊತ್ತೂ ಪ್ರತಿ ಸೆಲ್‌ನಲ್ಲೂ ಒಂದೇ ಬೆಲೆ ಎಂದು ನಡೆದೆವು. ಬದಲಿಗೆ ಸೆಲ್‌ನೊಳಗೆ ಓರೆ ಗೆರೆ ಎಳೆದರೆ ಗೋಡೆಯ ಬಳಿ ಹೆಚ್ಚು ನಿಖರ ಬೆಲೆ ಸಿಗುತ್ತದೆ. ಆದರೆ ಮೊದಲ ಸಾಲಿನ ಗರಗಸದ ಹಲ್ಲು ಹುಟ್ಟುವುದೂ ಇಲ್ಲೇ. ಗೊಡುನೊವ್ ಅದೇ 1959ರ ಪ್ರಬಂಧದಲ್ಲಿ ಒಂದು ಪ್ರಮೇಯ ಕೊಟ್ಟರು: ರೇಖೀಯ ಸ್ಕೀಮ್ ಒಂದು ಹೊಸ ಏರಿಳಿತ ಹುಟ್ಟಿಸುವುದಿಲ್ಲ ಎಂದಾದರೆ ಅದು ಮೊದಲ ದರ್ಜೆ ಮೀರಲಾರದು. ರೇಖೀಯ ಎಂದರೆ ದತ್ತಾಂಶ ಹೇಗಿದ್ದರೂ ಒಂದೇ ಸೂತ್ರ. ಹಾಗಾದರೆ ದಾರಿ? ದತ್ತಾಂಶ ನೋಡಿ ಸೂತ್ರ ಬದಲಿಸುವುದು. ಹಾಗೆ ಬದಲಿಸುವ ಕಡಿವಾಣಕ್ಕೆ ಲಿಮಿಟರ್ ಎಂದು ಹೆಸರು. ವಾನ್ ಲೀರ್ 1979ರ ವರೆಗೆ ಸಾಲಾಗಿ ಬರೆದ ಐದು ಪ್ರಬಂಧಗಳಲ್ಲಿ ಇದು ಮಸಲ್ ಎಂಬ ವಿಧಾನವಾಗಿ ಗಟ್ಟಿಯಾಯಿತು.

ಸೆಲ್‌ನ ಎಡಕ್ಕೆ ಒಂದು ಓರೆ, ಬಲಕ್ಕೆ ಒಂದು ಓರೆ ಇರುತ್ತದೆ. ಚಿಹ್ನೆ ಬೇರೆಯಾದರೆ ಅಲ್ಲೊಂದು ಶಿಖರವೋ ಕಣಿವೆಯೋ ಇದೆ, ಓರೆ ಸೊನ್ನೆ ಮಾಡಿ. ಒಂದೇ ಚಿಹ್ನೆಯಾದರೆ ಎಷ್ಟು ಓರೆ ಎಂಬುದು ಲಿಮಿಟರಿನ ಸ್ವಭಾವ. ಓರೆಗಳು 3 ಮತ್ತು 1 ಎನ್ನಿ: ಮಿನ್‌ಮಾಡ್ 1 ಕೊಡುತ್ತದೆ, ವಾನ್ ಲೀರ್ 1.5, ಸೂಪರ್‌ಬೀ 2. ಮಿನ್‌ಮಾಡ್ ಅಂಜುಬುರುಕ, ಸ್ವಲ್ಪ ಮಸಕು, ಆದರೆ ಕೈಕೊಡುವುದಿಲ್ಲ. ಸೂಪರ್‌ಬೀ ಸಂಪರ್ಕ ಅಂಚನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ನುಣುಪಾದ ಗುಡ್ಡವನ್ನೂ ಚೌಕ ಮಾಡಿಬಿಡುತ್ತದೆ. ನೀವು ವಾನ್ ಲೀರ್ ಹಾಕಿ.

ಓರೆಯನ್ನು ಸಾಂದ್ರತೆ, ವೇಗ, ಒತ್ತಡದ ಮೇಲೆ ಎಳೆಯುವುದು ಕ್ಷೇಮ. ‘ಸಂರಕ್ಷಿತ ರಾಶಿ ಬಿಡಬೇಡಿ ಎಂದವರು ನೀವೇ ಅಲ್ಲವೇ?’ ಎಂದು ಕೇಳುವಿರಿ. ಗೋಡೆಯ ಬಳಿಯ ಬೆಲೆಯನ್ನು ಹೇಗೆ ಬೇಕಾದರೂ ಊಹಿಸಿ, ತಪ್ಪಿಲ್ಲ. ಹೊಸ ಹೆಜ್ಜೆಗೆ ಕೂಡಿ-ಕಳೆಯುವುದು ಮಾತ್ರ ಸಂರಕ್ಷಿತ ರಾಶಿಯಲ್ಲೇ ಆಗಬೇಕು. ಇನ್ನು, ಜಾಗದಲ್ಲಿ ಎರಡನೇ ದರ್ಜೆ ಮಾಡಿ ಕಾಲದಲ್ಲಿ ಒಂದೇ ಹೆಜ್ಜೆಯ ಆಯ್ಲರ್ ಇಟ್ಟರೆ ಇಳಿಜಾರು ಮೆಟ್ಟಿಲಾಗುತ್ತದೆ. ಎರಡು ಹಂತದ ರುಂಗೆ-ಕುಟ್ಟ ಹಾಕಿ: ಒಂದು ಪೂರ್ತಿ ಹೆಜ್ಜೆ, ಅಲ್ಲಿಂದ ಇನ್ನೊಂದು ಪೂರ್ತಿ ಹೆಜ್ಜೆ, ಬಂದದ್ದಕ್ಕೂ ಹಳೆಯದಕ್ಕೂ ಸರಾಸರಿ. ಎರಡನೇ ಹೆಜ್ಜೆಗೆ ಮುನ್ನ ಭೂತ ಸೆಲ್‌ಗಳನ್ನು ಮತ್ತೆ ತುಂಬುವುದನ್ನು ಮರೆಯಬೇಡಿ.

ವೀನೋ? 1996ರ ಜಿಯಾಂಗ್-ಶು ಅವರ ಐದನೇ ದರ್ಜೆಯ ವೀನೋ ಬಹಳ ಒಳ್ಳೆಯದು. ಶಾಕ್ ಜೊತೆಗೆ ಸಣ್ಣ ಸುಳಿಗಳೂ ಬೇಕಾದ ದಿನ ಅದರ ಬಳಿ ಹೋಗಿ. ಮಸಲ್ ಕೋಡ್ ಇನ್ನೂ ಓಡದವರು ಅದರ ಸುದ್ದಿಗೆ ಹೋಗಬೇಡಿ.

ಹಂತ 8: ದರ್ಜೆ ಅಳೆಯುವುದು

‘ಎರಡನೇ ದರ್ಜೆಯ ಕೋಡ್, ಆದರೆ ಸಾಡ್‌ನಲ್ಲಿ ದೋಷ ಒಂದನೇ ದರ್ಜೆಯಂತೆ ಇಳಿಯುತ್ತಿದೆ, ತಪ್ಪೆಲ್ಲಿ?’ ತಪ್ಪಿಲ್ಲ. ಶಾಕ್ ಇರುವ ಉತ್ತರದಲ್ಲಿ ಒಟ್ಟು ದೋಷ, ಅಂದರೆ ಎಲ್ಲ ಸೆಲ್‌ಗಳ ವ್ಯತ್ಯಾಸದ ಮೊತ್ತ, ಹೆಚ್ಚೆಂದರೆ ಒಂದನೇ ದರ್ಜೆಯಲ್ಲಿ ಇಳಿಯುತ್ತದೆ. ಸಂಪರ್ಕ ಅಂಚಿನಿಂದಾಗಿ ಅದಕ್ಕಿಂತಲೂ ಕಡಿಮೆ: ಮೊದಲ ದರ್ಜೆಯ ಸ್ಕೀಮಿಗೆ ಅಲ್ಲಿ ಸಿಗುವುದು ½, ಎರಡನೆಯದಕ್ಕೆ ಸುಮಾರು ⅔.

ದರ್ಜೆ ಅಳೆಯಲು ನುಣುಪಾದ ಪರೀಕ್ಷೆ ಬೇಕು. ಒತ್ತಡ 1, ವೇಗ 1, ಸಾಂದ್ರತೆ 1ರ ಮೇಲೆ 0.2 ಎತ್ತರದ ಒಂದು ಸೈನ್ ಅಲೆ. ಎರಡು ತುದಿಯನ್ನೂ ಒಂದಕ್ಕೊಂದು ಜೋಡಿಸಿ, ಬಲದಿಂದ ಹೋದದ್ದು ಎಡದಿಂದ ಬರಲಿ. ಕಾಲ 1ಕ್ಕೆ ಅಲೆ ಶುರುವಿನ ಜಾಗಕ್ಕೇ ಮರಳಬೇಕು. 50, 100, 200, 400 ಸೆಲ್‌ಗಳಲ್ಲಿ ಓಡಿಸಿ ದೋಷ ಬರೆದುಕೊಳ್ಳಿ. ಸೆಲ್ ಎರಡರಷ್ಟಾದಾಗ ದೋಷ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿದರೆ ಎರಡನೇ ದರ್ಜೆ. ಲಿಮಿಟರ್ ಶಿಖರಗಳನ್ನು ಸ್ವಲ್ಪ ಸವರುವುದರಿಂದ ಪೂರ್ತಿ 2 ಬರಲಿಕ್ಕಿಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಹಂತ 9: ಋಣ ಒತ್ತಡ

ಒತ್ತಡ ಸೊನ್ನೆಗಿಂತ ಕೆಳಗೆ ಹೋಯಿತು, ಶಬ್ದದ ವೇಗಕ್ಕೆ ವರ್ಗಮೂಲ ತೆಗೆಯಲಾಗದೆ ನ್ಯಾನ್ ಬಂತು. ಆಗ ಬಹುತೇಕರು ಮಾಡುವುದು ಒಂದೇ ಸಾಲಿನ ಮದ್ದು: ಒತ್ತಡ ಋಣವಾದರೆ ಅದನ್ನು ಒಂದು ಪುಟಾಣಿ ಧನ ಅಂಕಿ ಮಾಡುವುದು. ಕೋಡ್ ಓಡುತ್ತದೆ. ಆದರೆ ನೀವು ಗಾಳಿಯಿಂದ ಶಕ್ತಿ ಹುಟ್ಟಿಸಿದಿರಿ, 1.375 ಇನ್ನು 1.375 ಆಗಿ ಉಳಿದಿರುವುದಿಲ್ಲ.

ಮೊದಲು ಯಾವ ಹೆಜ್ಜೆ, ಯಾವ ಸೆಲ್ ಎಂದು ಅಚ್ಚು ಹಾಕಿಸಿ. ತುದಿಯ ಸೆಲ್ ಆದರೆ ಭೂತ ಸೆಲ್‌ಗಳ ತಪ್ಪು. ಮೊದಲ ಹೆಜ್ಜೆಯಲ್ಲೇ ಬಂದರೆ ಶಕ್ತಿಯ ಸೂತ್ರದಲ್ಲಿ ½ ಬಿಟ್ಟಿರುತ್ತೀರಿ ಅಥವಾ ಚಿಹ್ನೆ ತಪ್ಪಿಸಿರುತ್ತೀರಿ. ಇವೆರಡೂ ಅಲ್ಲವಾದರೆ, ಆ ಸೆಲ್‌ನಲ್ಲಿ ಆ ಹೆಜ್ಜೆಗೆ ಮಾತ್ರ ಓರೆಯನ್ನು ಸೊನ್ನೆ ಮಾಡಿ ಮೊದಲ ದರ್ಜೆಗೆ ಇಳಿಯಿರಿ. ಜಮಾ-ಖರ್ಚು ಹಾಗೇ ಉಳಿಯುತ್ತದೆ.

ಇದಕ್ಕೊಂದು ಕಠಿಣ ಪರೀಕ್ಷೆ: ಎರಡೂ ಕಡೆ ಸಾಂದ್ರತೆ 1, ಒತ್ತಡ 0.4, ಎಡದ ವೇಗ −2, ಬಲದ ವೇಗ 2. ಅನಿಲ ಎರಡೂ ಕಡೆಗೆ ಓಡಿ ನಡುವೆ ಹೆಚ್ಚುಕಡಿಮೆ ಬರಿದಾಗುತ್ತದೆ. ಇಂಥಲ್ಲಿ ರೋ ಮುಗ್ಗರಿಸುತ್ತದೆ, ಅಲೆಯ ವೇಗಗಳನ್ನು ಸರಿಯಾಗಿ ಅಂದಾಜಿಸಿದ ಎಚ್‌ಎಲ್‌ಎಲ್ ದಾಟುತ್ತದೆ.

ಹಂತ 10: ಎರಡು ಆಯಾಮಕ್ಕೆ ಹೋಗುವವರಿಗೆ

ಇಲ್ಲಿಯವರೆಗಿನದು ಸರಿಬಂದಿದ್ದರೆ ಅದೇ ಫ್ಲಕ್ಸನ್ನು ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಹಾಕುವುದಷ್ಟೇ ಕೆಲಸ. ಆದರೆ ಹೊಸದೊಂದು ಕಾಯಿಲೆ ಕಾದಿರುತ್ತದೆ, ಹೆಸರು ಕಾರ್ಬಂಕಲ್. ಮೊಂಡು ಮೂತಿಯ ಮುಂದೆ ಬಿಲ್ಲಿನಂತೆ ನಿಲ್ಲಬೇಕಾದ ಶಾಕ್, ನಡು ಗೆರೆಯ ಬಳಿ ಗಂಟು ಕಟ್ಟಿಕೊಂಡು ಮುಂದಕ್ಕೆ ಚಾಚುತ್ತದೆ. ಶಾಕ್ ಗ್ರಿಡ್ಡಿನ ಗೆರೆಗೆ ಸರಿಯಾಗಿ ಹೊಂದಿಕೊಂಡಿದ್ದಾಗ ಹೆಚ್ಚು. ರೋ, ಎಚ್‌ಎಲ್‌ಎಲ್‌ಸಿಯಂಥ, ಸಂಪರ್ಕ ಅಂಚನ್ನು ಚೂಪಾಗಿ ಹಿಡಿಯುವ ಜಾಣರಿಗೇ ಇದು ತಗಲುವುದು, ಮಸಕು ಎಚ್‌ಎಲ್‌ಎಲ್‌ಗೆ ಅಲ್ಲ. ಹಾಗಾಗಿ ಬಲವಾದ ಶಾಕ್‌ನ ಅಕ್ಕಪಕ್ಕದ ಗೋಡೆಗಳಲ್ಲಿ ಎಚ್‌ಎಲ್‌ಎಲ್, ಉಳಿದೆಡೆ ಎಚ್‌ಎಲ್‌ಎಲ್‌ಸಿ ಎಂದು ಬೆರೆಸುವುದು ರೂಢಿಯ ಮದ್ದು.

ಸ್ವಂತ ಕೋಡ್ ಬೇಡ, ಸಿದ್ಧ ಸಾಫ್ಟ್‌ವೇರ್ ಸಾಕು ಎನ್ನುವವರು ಓಪನ್‌ಫೋಮ್‌ನಲ್ಲಿ ರೋಸೆಂಟ್ರಲ್‌ಫೋಮ್ ಎಂಬ ಸಾಲ್ವರ್ ತೆಗೆದುಕೊಳ್ಳಿ, ಅದರ ಜೊತೆ ಶಾಕ್ ಟ್ಯೂಬಿನ ಉದಾಹರಣೆಯೂ ಬರುತ್ತದೆ. ಸಿಂಪಲ್‌ಫೋಮ್ ತೆಗೆದುಕೊಂಡು ‘ಶಾಕ್ ಬರುತ್ತಿಲ್ಲ’ ಎಂದು ಬರೆಯಬೇಡಿ, ಅದರ ಅನಿಲಕ್ಕೆ ಕುಗ್ಗಲು ಅನುಮತಿಯೇ ಇಲ್ಲ.

ಎರಡು ಆಯಾಮದ ಮೊದಲ ಪರೀಕ್ಷೆಯಾಗಿ ವುಡ್‌ವರ್ಡ್ ಮತ್ತು ಕೊಲೆಲಾ 1984ರಲ್ಲಿ ಬಳಸಿದ ಮೆಟ್ಟಿಲಿನ ಸುರಂಗ ಹಿಡಿಯಿರಿ. ಉದ್ದ 3, ಎತ್ತರ 1, ಬಾಯಿಯಿಂದ 0.6 ದೂರದಲ್ಲಿ 0.2 ಎತ್ತರದ ಮೆಟ್ಟಿಲು, ಒಳಗೆ ಬರುವ ಗಾಳಿ ಮ್ಯಾಕ್ 3 (ಶಬ್ದದ ವೇಗದ ಮೂರು ಪಟ್ಟು). ಕಾಲ 4ರಲ್ಲಿ ನಿಲ್ಲಿಸಿ ಚಿತ್ರ ನೋಡಿದಾಗ ಮೆಟ್ಟಿಲಿನ ಮೇಲ್ಮೈಗೆ ಅಂಟಿಕೊಂಡು ಒಂದು ತೆಳು ಪದರ ಕಂಡರೆ, ಅದನ್ನು ಸ್ನಿಗ್ಧತೆಯ ಗಡಿಪದರ ಎಂದು ವರದಿಯಲ್ಲಿ ಬರೆಯಬೇಡಿ. ನಿಮ್ಮ ಸಮೀಕರಣದಲ್ಲಿ ಸ್ನಿಗ್ಧತೆಯೇ ಇಲ್ಲ. ಮೆಟ್ಟಿಲಿನ ಮೂಲೆಯ ಒಂದೆರಡು ಸೆಲ್‌ಗಳಲ್ಲಿ ಹುಟ್ಟಿದ ಎಂಟ್ರೊಪಿಯ ದೋಷ ಹರಿವಿನೊಂದಿಗೆ ಕೆಳಗೆ ಬಂದದ್ದು ಅದು. ಮೂಲೆಯ ಸುತ್ತ ಗ್ರಿಡ್ ಸಣ್ಣ ಮಾಡಿ ಮತ್ತೆ ಓಡಿಸಿ, ಪದರ ತೆಳ್ಳಗಾಗುವುದನ್ನು ನೀವೇ ನೋಡುತ್ತೀರಿ.